ಹಸುವಿನ ಪಾಲು

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು. ಊರಿನಲ್ಲಿ ಆಟೋಗಳು ಹೆಚ್ಚಾಗಿ ಜಟಕಾ ಹತ್ತುವವರು ಕಡಿಮೆಯಾದ ಮೇಲೆ, ನಮ್ಮ ಲಾಯದ ಹಿಂದಿನ ಓಣಿಯಲ್ಲಿದ್ದ ಫ್ರಿಜ್ ರಿಪೇರಿ ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಓದು ಬಿಟ್ಟೆನಲ್ಲ ಎಂಬ ದುಃಖ ಆಗ ಇರಲಿಲ್ಲ. ಬೆಳಿಗ್ಗೆ ಎದ್ದು ಕುದುರೆಯ ಲದ್ದಿ ಬಾಚುವುದು ತಪ್ಪಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಫ್ರಿಜ್ ಅಂಗಡಿಯಲ್ಲಿ ಯಾರೂ ಮೂಗು ಮುಚ್ಚಲಿಲ್ಲ.

ಆ ಅಂಗಡಿಯಿಂದ ಟೆಕ್ಸಾಸಿಗೆ ನಾನು ಬಂದದ್ದು ಹೆಂಡತಿಯ ಹಿಂದೆ. ಅವಳು ನರ್ಸು. ಕೆಲಸ ಅವಳಿಗೆ ಸಿಕ್ಕಿತು, ನಾನು ಸೂಟ್‌ಕೇಸ್ ಹಿಡಿದುಕೊಂಡು ಬಂದೆ. ಬಂದ ವರ್ಷವೇ ಎಸಿ ರಿಪೇರಿಯವನ ಕೈಕೆಳಗೆ ಸೇರಿದೆ. ಆಮೇಲೆ ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು, ನನ್ನದೇ ಒಂದು ವ್ಯಾನು ಇಟ್ಟುಕೊಂಡೆ. ಇಲ್ಲಿ ಎಸಿಯ ಅರ್ಧ ಭಾಗ ಮನೆಯ ಹೊರಗಿರುತ್ತದೆ, ಇನ್ನರ್ಧ ಅಟ್ಟದ ಮೇಲೆ. ಜುಲೈ ತಿಂಗಳಲ್ಲಿ ಆಸ್ಟಿನ್ ಪಕ್ಕದ ನಮ್ಮ ಲಿಯಾಂಡರಿನ ಅಟ್ಟದೊಳಗೆ ತೆವಳಿಕೊಂಡು ಹೋದವನಿಗೆ ಮಾತ್ರ ಆ ಬಿಸಿ ಗೊತ್ತು. ಇಳಿದು ಬಂದ ಮೇಲೆ ಸ್ವಲ್ಪ ಹೊತ್ತು ಯಾರು ಏನು ಕೇಳಿದರೂ ತಲೆಗೆ ಹೋಗುವುದಿಲ್ಲ. ನಮ್ಮ ಕನ್ನಡದವರ ಮಕ್ಕಳು ನನ್ನನ್ನು ‘ಎಸಿ ಅಂಕಲ್’ ಎನ್ನುತ್ತಾರೆ. ಒಮ್ಮೆ ಯುಗಾದಿ ಊಟದಲ್ಲಿ ಹೊಸದಾಗಿ ಬಂದವರೊಬ್ಬರು, “ನೀವು ಯಾವ ಕಂಪ್ನೀಲಿದೀರ ಸಾರ್?” ಎಂದು ಕೇಳಿದರು. “ನಿಮ್ಮನೆ ಅಟ್ಟದಲ್ಲಿ” ಎಂದೆ. ಅವರು ನಕ್ಕರು. ಮುಂದಿನ ವಾರವೇ ಕರೆದರು.

ನಮಗಿರುವವಳು ಒಬ್ಬಳೇ ಮಗಳು. ಡಲ್ಲಾಸಿನ ಕಡೆ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಇಬ್ಬರು ಗೆಳತಿಯರ ಜೊತೆ ಡಲ್ಲಾಸಿನ ಉತ್ತರಕ್ಕಿರುವ ಲೂಯಿಸ್‌ವಿಲ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದಳು. ಕಳೆದ ಬೇಸಿಗೆಯ ರಜೆಗೆ ಮನೆಗೆ ಬರಲಿಲ್ಲ. ಡಲ್ಲಾಸಿನಿಂದ ದಕ್ಷಿಣಕ್ಕೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಆಫ್ರಿಕಾದ ಪ್ರಾಣಿಗಳನ್ನು ಬಯಲಿನಲ್ಲಿ ಬಿಟ್ಟು ಸಾಕುವ ಒಂದು ಪಾರ್ಕಿದೆ. ಅರ್ಧ ಹುಲ್ಲುಬಯಲು, ಅರ್ಧ ಜೌಗು. ಅಲ್ಲಿ ಎರಡು ತಿಂಗಳ ಕೆಲಸ ಎಂದಳು. ನಾನು ಟಿಕೆಟ್ ಹರಿಯುವ ಕೆಲಸವಿರಬೇಕು ಅಂದುಕೊಂಡೆ. ಆಗಸ್ಟಿನಲ್ಲಿ ಫೋನ್ ಮಾಡಿ, ಕಾಲೇಜಿಗೆ ವಾಪಸ್ ಹೋಗುತ್ತಿಲ್ಲ, ಪಾರ್ಕಿನಲ್ಲೇ ಇರುತ್ತೇನೆ ಎಂದಳು.

“ಅಲ್ಲೇನು ಮಾಡ್ತೀಯ?” ಎಂದೆ.

“ಫೀಡ್ ಮಾಡ್ತೀನಿ, ಕ್ಲೀನ್ ಮಾಡ್ತೀನಿ, ಅಪ್ಪ.”

“ಏನ್ ಕ್ಲೀನ್ ಮಾಡ್ತೀಯ?”

“ಪೂಪ್” ಎಂದಳು. ನಗುತ್ತಿದ್ದಳು. ನಾನು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತೆ.

ಆಮೇಲೆ ಒಂದು ತಿಂಗಳು ನಾನೂ ಮಗಳೂ ಆ ವಿಷಯ ಎತ್ತಲಿಲ್ಲ. ಅವಳು ಅವಳಮ್ಮನ ಜೊತೆ ಮಾತಾಡುತ್ತಿದ್ದಳು, ನಾನು ಅಟ್ಟಗಳಲ್ಲಿದ್ದೆ. ಸೆಪ್ಟೆಂಬರಿನಲ್ಲಿ ಗೆಳತಿಯರು ಅಪಾರ್ಟ್‌ಮೆಂಟ್ ಖಾಲಿ ಮಾಡುತ್ತಿದ್ದಾರೆ, ತನ್ನ ಸಾಮಾನು ತೆಗೆಯಬೇಕು, ಭಾನುವಾರವೂ ತನಗೆ ಕೆಲಸ ಎಂದು ಹೇಳಿ ಕಳಿಸಿದಳು. ನಾನು ತರುತ್ತೇನೆ ಎಂದೆ. ನನ್ನ ಲೆಕ್ಕ ಸರಳವಾಗಿತ್ತು. ವ್ಯಾನಿನಿಂದ ಏಣಿ, ಸಿಲಿಂಡರುಗಳನ್ನೆಲ್ಲ ಇಳಿಸುವುದು. ಲೂಯಿಸ್‌ವಿಲ್‌ಗೆ ಹೋಗಿ ಅವಳ ಹಾಸಿಗೆ, ಮೇಜು, ಬಟ್ಟೆ ತುಂಬಿಕೊಳ್ಳುವುದು. ವಾಪಸ್ ಬರುವ ದಾರಿಯಲ್ಲೇ ಪಾರ್ಕು. ಅಲ್ಲಿ ಅವಳನ್ನೂ ಹತ್ತಿಸಿಕೊಂಡು ಮನೆಗೆ ಕರೆತರುವುದು. ಜನವರಿಯಿಂದ ನಮ್ಮ ಆಸ್ಟಿನ್‌ನಲ್ಲೇ ಯಾವುದಾದರೂ ಕಾಲೇಜಿಗೆ ಸೇರಿದರಾಯಿತು. ಸಾಮಾನೆಲ್ಲ ನನ್ನ ವ್ಯಾನಿನಲ್ಲಿದ್ದರೆ ಅವಳು ಎಲ್ಲಿಗೆ ಹೋಗುತ್ತಾಳೆ?

“ಭಾನುವಾರ ಮಾರ್ಲಾಮಿ ಅಮಾವಾಸ್ಯೆ ಕಣ್ರೀ” ಎಂದಳು ಹೆಂಡತಿ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಏನು ಇಷ್ಟವೋ ಅದನ್ನೆಲ್ಲ ಮಾಡಿ ಬಾಳೆಯೆಲೆಯ ಮೇಲೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವುದು. ಎಡೆಯಲ್ಲಿ ಹಸುವಿಗೊಂದು ಪಾಲು. ಹಸು ತಿಂದರೆ ಹಿರಿಯರಿಗೆ ಮುಟ್ಟಿತು ಎಂದು ಲೆಕ್ಕ. ಮೈಸೂರಿನಲ್ಲಿ ಹೊರಗೆ ಬಂದು ನಿಂತರೆ ಯಾವುದೋ ಒಂದು ಹಸು ತಾನಾಗಿ ಬರುತ್ತಿತ್ತು. ಇಲ್ಲಿ ಅದೇ ತಾಪತ್ರಯ. ಟೆಕ್ಸಾಸಿನಲ್ಲಿ ದನಕ್ಕೇನೂ ಕೊರತೆಯಿಲ್ಲ, ಆದರೆ ಎಲ್ಲವೂ ಮುಳ್ಳುತಂತಿಯ ಆಚೆ ಇರುತ್ತವೆ. ಒಂದು ವರ್ಷ ರಸ್ತೆ ಬದಿಗೆ ವ್ಯಾನು ನಿಲ್ಲಿಸಿ ಬೇಲಿಯ ಹತ್ತಿರ ಎಲೆ ಹಿಡಿದು ನಿಂತಿದ್ದೆ. ಪಿಕಪ್ಪಿನಲ್ಲಿ ಬಂದ ಯಜಮಾನ ಇಳಿಯದೆಯೇ, ಏನು ಬೇಕು ಎಂದು ಎರಡು ಸಲ ಕೇಳಿದ. ಎರಡನೇ ಸಲ ಕೇಳಿದ ರೀತಿಗೆ ನಾನು ಎಲೆ ಮಡಚಿಕೊಂಡು ಬಂದೆ. ಆಮೇಲೆ ಎರಡು ವರ್ಷ ಹ್ಯೂಸ್ಟನ್ ಆಚೆಗಿನ ಒಂದು ಗೋಶಾಲೆಯವರೆಗೂ ಡ್ರೈವ್ ಮಾಡಿದೆವು. ಅದೂ ಮುಗಿಯಿತು, ಮೈಯಲ್ಲಿ ಶಕ್ತಿ ಇರಲಿಲ್ಲ. ನಮ್ಮ ಬೀದಿಯಲ್ಲಿ ಧಾರವಾಡದವರೊಬ್ಬರಿದ್ದಾರೆ. ನೀವೇನು ಮಾಡುತ್ತೀರಿ ಎಂದು ಅವರನ್ನು ಕೇಳಿದರೆ, “ನಾವು ಮೊಬೈಲ್‌ನ್ಯಾಗ ಆಕಳ ಫೋಟೋ ತಗದು ಎಡಿ ಮುಂದ ಹಿಡಿತೀವ್ರಿ. ಎಂದೂ ಬ್ಯಾಡ ಅಂದಿಲ್ರಿ ಅದು” ಎಂದರು.

“ಮಗಳು ಕೆಲಸ ಮಾಡೋ ಕಡೆ ದನ ಇದಾವಂತೆ. ಆಫ್ರಿಕಾದವು. ಆದ್ರೇನು, ಹಸು ಹಸುನೇ” ಎಂದಳು ಹೆಂಡತಿ. ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವಳು ಮಲಗದೆ ಕಜ್ಜಾಯ ಕರಿದಳು. ಭಾನುವಾರ ಬೆಳಕು ಹರಿಯುವ ಮೊದಲೇ ಅಪ್ಪನ ಫೋಟೋದ ಮುಂದೆ ಎಡೆ ಇಟ್ಟು, ಹಸುವಿನ ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು ಹೊರಟೆವು. ಅನ್ನ, ಬೆಲ್ಲ, ಬಾಳೆಹಣ್ಣು, ಕಜ್ಜಾಯ. ದಾರಿಯುದ್ದಕ್ಕೂ ಅವಳು ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಮಾಡಿದಳು.

ಲೂಯಿಸ್‌ವಿಲ್‌ನಲ್ಲಿ ಅಪಾರ್ಟ್‌ಮೆಂಟು ಮೂರನೇ ಮಹಡಿ. ಲಿಫ್ಟ್ ಇಲ್ಲ. ಹಾಸಿಗೆ ಇಳಿಸುವಷ್ಟರಲ್ಲಿ ನನ್ನ ಬಲಮಂಡಿ ಮಾತಾಡತೊಡಗಿತ್ತು. ಡಲ್ಲಾಸ್ ದಾಟಿ ಪಾರ್ಕಿನ ಗೇಟು ಮುಟ್ಟಿದಾಗ ಮಧ್ಯಾಹ್ನವಾಗುತ್ತಾ ಬಂದಿತ್ತು, ಸೆಪ್ಟೆಂಬರ್ ಎಂದರೂ ಬಿಸಿಲು ಜೂನಿನದೇ. ಮಗಳು ಗೇಟಿನಲ್ಲಿ ಕಾಯುತ್ತಿದ್ದಳು. ಖಾಕಿ ಚಡ್ಡಿ, ಮೊಣಕಾಲಿನವರೆಗೆ ರಬ್ಬರ್ ಬೂಟು, ಮುಖವೆಲ್ಲ ಕಪ್ಪಾಗಿತ್ತು. ಊಟದ ಬಿಡುವಿನಲ್ಲಿ ನಮ್ಮನ್ನು ಸುತ್ತಾಡಿಸುತ್ತೇನೆಂದು ಹಿಂದಿನ ಬಾಗಿಲು ತೆಗೆದು ತನ್ನ ಹಾಸಿಗೆಯ ಮೇಲೇ ಹತ್ತಿ ಕೂತಳು. ಅವಳ ಜೊತೆ ವಾಸನೆಯೂ ಹತ್ತಿತು. ಹುಲ್ಲು, ಗಂಜಲ, ಬೆವರು. ನಾನು ಕನ್ನಡಿಯಲ್ಲಿ ಅವಳನ್ನು ನೋಡಲಿಲ್ಲ.

“ಸ್ನಾನ ಮಾಡ್ತೀಯೇನೇ?” ಎಂದಳು ಹೆಂಡತಿ.

“ಎವೆರಿ ಡೇ, ಅಮ್ಮ. ಟ್ವೈಸ್.”

“ಮತ್ತೆ ಯಾಕೆ ಹಿಂಗೆ ನಾರ್ತೀಯ?”

“ನೀನು ಡೆಟಾಲ್ ವಾಸ್ನೆ ಬರ್ತೀಯಲ್ಲ. ನಾನೇನಾದ್ರೂ ಅಂತೀನಾ?”

ಅಲ್ಲಿ ಕಾರಿನೊಳಗೇ ಕೂತು ಮಣ್ಣುರಸ್ತೆಯಲ್ಲಿ ನಿಧಾನಕ್ಕೆ ಹೋಗಬೇಕು. ಗೇಟಿನಲ್ಲಿ ಅವರೇ ಕೊಡುವ ಬೂಸಾ ಉಂಡೆಗಳನ್ನು ಮಾತ್ರ ಕಿಟಕಿಯಿಂದ ತಿನ್ನಿಸಬಹುದು. ಹಳದಿ ಹುಲ್ಲಿನ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮರ, ಅದರ ಅಷ್ಟಿಷ್ಟು ನೆರಳಿಗೆ ಜೀಬ್ರಾಗಳು ಒತ್ತಿಕೊಂಡು ನಿಂತಿದ್ದವು. ಜಿರಾಫೆಯೊಂದು ರಸ್ತೆಗೆ ಅಡ್ಡ ನಿಂತು, ನಮಗಿಂತ ಮುಂದಿದ್ದ ಕಾರಿನ ಮಕ್ಕಳ ಕೈಯಿಂದ ತಿನ್ನುತ್ತಿತ್ತು. ಉಷ್ಟ್ರಪಕ್ಷಿ ನನ್ನ ಕಿಟಕಿಯ ಗಾಜಿಗೆ ಮುಖವಿಟ್ಟು, ಹಿಂದೆ ಹಾಸಿಗೆಯ ಮೇಲೆ ಕೂತ ನನ್ನ ಮಗಳನ್ನು ನೋಡಿತು. ಅವಳು ಒಂದೊಂದರ ಹೆಸರು, ವಯಸ್ಸು, ಯಾವುದು ಯಾರ ಜೊತೆ ಜಗಳವಾಡುತ್ತದೆ ಎಂದೆಲ್ಲ ಹೇಳುತ್ತಿದ್ದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಮನೆಯಲ್ಲಿ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ನನಗೆ ನಿದ್ದೆ ಎಳೆಯುತ್ತಿತ್ತು. ಇದೆಲ್ಲ ಮುಗಿದರೆ ಹೊರಡಬಹುದು ಎಂದುಕೊಂಡು ಡ್ರೈವ್ ಮಾಡುತ್ತಿದ್ದೆ.

ತಿರುವಿನಲ್ಲಿ ದನಗಳು ಕಂಡವು. ಕೆಂಪು ಮೈ, ಒಂದೊಂದು ಕೊಂಬು ನನ್ನ ತೊಡೆಯಷ್ಟು ದಪ್ಪ, ನನ್ನ ಏಣಿಯ ಅರ್ಧದಷ್ಟು ಉದ್ದ. ಹೆಂಡತಿ ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಕಾಲು ಮಡಚಿ ಕೂತು, ಕೈಮುಗಿದಳು. ಆಮೇಲೆ ಪೊಟ್ಟಣದ ದಾರ ಬಿಚ್ಚಿದಳು.

“ಅಮ್ಮ, ಏನದು?” ಎಂದಳು ಮಗಳು ಹಿಂದಿನಿಂದ.

“ತಾತನ ಎಡೆ. ಹಸು ಪಾಲು.”

“ನೋ. ಅಮ್ಮ, ನೋ. ಕೊಡ್ಬೇಡ.”

“ಒಂದು ತುತ್ತು ಕಣೇ.”

“ಒಂದು ತುತ್ತೂ ಇಲ್ಲ. ಅನ್ನ, ಬೆಲ್ಲ ತಿಂದ್ರೆ ಹೊಟ್ಟೆ ಉಬ್ಬರ್ಸತ್ತೆ ಅವಕ್ಕೆ. ಲಾಸ್ಟ್ ಮಂತ್ ಯಾರೋ ಬ್ರೆಡ್ ಕೊಟ್ಟು ಒಂದು ಕರು ಸತ್ತೇ ಹೋಗ್ತಿತ್ತು. ಆ ಕಾರ್ ಜೊತೆಗಿದ್ದ ನಮ್ಮ ಹುಡುಗನ್ನ ಅವತ್ತೇ ಕಳ್ಸಿದ್ರು.”

“ಕಳ್ಸಿದ್ರು ಅಂದ್ರೆ?”

“ಕೆಲಸದಿಂದ ತೆಗೆದ್ರು.”

ಹೆಂಡತಿ ನನ್ನ ಕಡೆ ತಿರುಗಿದಳು. ಅವಳ ಕಿಟಕಿ ಇಳಿಯುತ್ತಿರಲಿಲ್ಲ. ನಮ್ಮ ವ್ಯಾನಿನಲ್ಲಿ ಎರಡೂ ಕಿಟಕಿಗಳ ಬೀಗ ನನ್ನ ಬಾಗಿಲಿನ ಗುಂಡಿಯಲ್ಲಿದೆ. ಉಷ್ಟ್ರಪಕ್ಷಿ ಬಂದಾಗ ನಾನೇ ಲಾಕ್ ಮಾಡಿದ್ದೆ. “ರೀ, ಗ್ಲಾಸ್ ಇಳಿಸಿ” ಎಂದಳು. “ಮಾವ ವರ್ಷಕ್ಕೊಂದು ಸಲ ಬರ್ತಾರೆ. ಹಸ್ಕೊಂಡು ಹೋಗ್ಬೇಕಾ?”

ದೊಡ್ಡದೊಂದು ಹಸು ಅಷ್ಟರಲ್ಲಿ ಅವಳ ಕಿಟಕಿಯ ಹತ್ತಿರವೇ ಬಂದು, ಬೆಲ್ಲದ ವಾಸನೆಗೆ ಗಾಜನ್ನು ನೆಕ್ಕತೊಡಗಿತು.

ನನ್ನ ಬೆರಳು ಗುಂಡಿಯ ಮೇಲೆ ಇತ್ತು. ಮಗಳನ್ನು ಕರೆದುಕೊಂಡು ಹೋಗಲು ನಾನು ದಾರಿಯುದ್ದಕ್ಕೂ ಮಾತು ಹುಡುಕಿದ್ದೆ. ಒಂದೂ ಸಿಕ್ಕಿರಲಿಲ್ಲ. ಈಗ ಮಾತೇ ಬೇಕಿರಲಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಹಸು ತಿನ್ನುತ್ತದೆ, ಅಪ್ಪನಿಗೆ ಮುಟ್ಟುತ್ತದೆ, ಸಂಜೆಗೆ ಮಗಳು ಮನೆಯಲ್ಲಿರುತ್ತಾಳೆ. ಯಾರೂ ನನ್ನನ್ನು ಬೈಯುವಂತಿಲ್ಲ. ಶಾಸ್ತ್ರ ಮಾಡಿದೆ, ಅಷ್ಟೆ.

“ಅಪ್ಪ,” ಎಂದಳು ಮಗಳು. ದನಿ ಏರಿಸಲಿಲ್ಲ. “ನೀನು ಇಳಿಸಿದ್ರೆ ನಾನೇ ಹೋಗಿ ನಮ್ಮ ಹೆಡ್‌ಗೆ ಹೇಳ್ಬೇಕು. ಈ ಹಸುನ ರಾತ್ರಿಯೆಲ್ಲ ವಾಚ್ ಮಾಡ್ಬೇಕಾಗತ್ತೆ, ಅದಕ್ಕೆ. ಸುಮ್ನೆ ಇರಕ್ಕಾಗಲ್ಲ ನಂಗೆ.”

ಎಷ್ಟೋ ಮನೆಗಳಲ್ಲಿ ನಾನು ಅಟ್ಟದಲ್ಲಿ ವೈರಿಗೆ ಕೈ ಹಾಕುವ ಮೊದಲು ಕೆಳಗಿನವರಿಗೆ, ನಾನು ಹೇಳುವ ತನಕ ಸ್ವಿಚ್ ಮುಟ್ಟಬೇಡಿ ಎಂದು ಹೇಳಿ ಹತ್ತುತ್ತೇನೆ. ದೊಡ್ಡ ದೊಡ್ಡ ಓದು ಓದಿದವರು, ಹೌದು ಹೌದು ಎನ್ನುತ್ತಾರೆ. ಸೆಕೆ ತಡೆಯದೆ ಮುಟ್ಟಿಬಿಟ್ಟವರೂ ಇದ್ದಾರೆ. ಆಗ ಮೈಯಲ್ಲಿ ಏಳುವ ಸಿಟ್ಟು ನನಗೆ ಗೊತ್ತು. ಹಾಸಿಗೆಯ ಮೇಲಿನಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸದವರು ಕೆಲಸದ ಜಾಗದಲ್ಲಿ ಹೇಳುವ ಹಾಗೆ ಹೇಳಿದ್ದಳು. ನಾನು ಬೆರಳು ತೆಗೆದು ಸ್ಟೀರಿಂಗಿನ ಮೇಲಿಟ್ಟೆ.

“ಕಟ್ಟು ಅದನ್ನ” ಎಂದೆ ಹೆಂಡತಿಗೆ.

“ನೀವೂ ಅವಳ ಕಡೆನಾ?”

“ಯಾರ ಕಡೆನೂ ಇಲ್ಲ. ಕಟ್ಟು ಕಣೆ.”

ಅವಳು ಕಟ್ಟಲಿಲ್ಲ. ಎಲೆಯನ್ನು ಬಿಚ್ಚಿಟ್ಟುಕೊಂಡೇ ಕಣ್ಣೊರೆಸಿಕೊಂಡಳು. ಎರಡು ದಿನದಿಂದ ಸರಿಯಾದ ನಿದ್ದೆಯಿಲ್ಲದವಳು. ಮಗಳು ಸೀಟುಗಳ ನಡುವಿನಿಂದ ಕೈ ಚಾಚಿ, ಬೂಸಾ ಉಂಡೆಗಳ ಚೀಲವನ್ನು ಕೊಟ್ಟಳು. “ಇದನ್ನ ಕೊಡಿ. ಇದು ತಿನ್ಬಹುದು ಅದು. ತಾತನ ಹೆಸರು ಹೇಳಿ ಕೊಡಿ.”

“ಬೂಸಾ ಎಡೆ ಆಗತ್ತೇನೇ?”

“ಆಗತ್ತೋ ಇಲ್ವೋ, ಕೊಡು” ಎಂದು ನಾನು ಲಾಕ್ ತೆಗೆದೆ. ಮನೆಯಲ್ಲಿ ಕುದುರೆಗೆ ಹುರುಳಿ ಇಡದೆ ಅಪ್ಪ ತಾನು ಉಂಡದ್ದನ್ನು ನಾನು ನೋಡಿಲ್ಲ. ಅವರು ಬೂಸಾ ನೋಡಿ ಮುನಿಸಿಕೊಳ್ಳುವ ಜನವಲ್ಲ ಎಂದುಕೊಂಡೆ. ಹೆಂಡತಿ ಅಂಗೈ ತುಂಬ ಉಂಡೆ ಹಿಡಿದು ಕೈಚಾಚಿದಳು. ಕಪ್ಪು ನಾಲಗೆ ಮೊಣಕೈಯವರೆಗೂ ನೆಕ್ಕಿಕೊಂಡು ಹೋಯಿತು. ಅವಳು ಅಳುತ್ತಲೇ ನಕ್ಕಳು. ನಾನೂ ಅತ್ತ ಬಗ್ಗಿ ಒಂದು ಹಿಡಿ ಕೊಟ್ಟೆ. ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಆ ಹೆಸರನ್ನು ನನ್ನ ಬಾಯಲ್ಲೇ ಕೇಳಿ ಎಷ್ಟೋ ಕಾಲವಾಗಿತ್ತು.

“ಅಮ್ಮ, ಆ ಕಜ್ಜಾಯ ನಾನು ತಿನ್ಲಾ?” ಎಂದಳು ಮಗಳು. “ಬೆಳಿಗ್ಗೆ ಆರಕ್ಕೆ ಬಂದಿದ್ದು, ಏನೂ ತಿಂದಿಲ್ಲ.”

“ಅದು ಹಸು ಪಾಲು ಕಣೇ.”

“ಅಂಬಾ” ಎಂದಳು.

ಕೈಯನ್ನು ಅವಳಮ್ಮ ಕೊಟ್ಟ ಒದ್ದೆ ಟಿಶ್ಯೂನಲ್ಲಿ ಒರೆಸಿಕೊಂಡು, ಹಾಸಿಗೆಯ ಮೇಲೆ ಎಲೆ ಹರಡಿಕೊಂಡು, ಕಜ್ಜಾಯ ಮಾತ್ರವಲ್ಲ, ಅನ್ನ ಬೆಲ್ಲ ಬಾಳೆಹಣ್ಣು ಎಲ್ಲ ಕಲಸಿಕೊಂಡು ಖಾಲಿ ಮಾಡಿದಳು. ಹೆಂಡತಿ ಹಿಂದಕ್ಕೆ ತಿರುಗಿ ಅದನ್ನೇ ನೋಡುತ್ತಿದ್ದಳು. ಹಿಂದಿನ ಕಾರಿನವರು ಹಾರ್ನ್ ಹೊಡೆದ ಮೇಲೆ ನಾನು ವ್ಯಾನು ಮುಂದೆ ಬಿಟ್ಟೆ.

ಹುಲ್ಲುಬಯಲು ಮುಗಿದ ಕಡೆ ವ್ಯಾನು ನಿಲ್ಲಿಸಿ ಜೌಗಿನ ಭಾಗಕ್ಕೆ ನಡೆದು ಹೋಗಬೇಕು. ನೀರಿನ ಮೇಲೆ ಹಲಗೆಯ ದಾರಿ, ಎರಡೂ ಕಡೆ ಆಳೆತ್ತರದ ಜೊಂಡು. ಮಗಳ ಕೆಲಸ ಅಲ್ಲೇ. ನಮ್ಮನ್ನು ನೆರಳಿನ ಬೆಂಚಿನ ಮೇಲೆ ಕೂರಿಸಿ, ಎದೆಯವರೆಗಿನ ರಬ್ಬರ್ ಉಡುಪು ಹಾಕಿಕೊಂಡು ನೀರಿಗಿಳಿದಳು. ಕೊಳೆತ ಕಳೆಯನ್ನು ಕುಂಟೆಯಿಂದ ಎಳೆದೆಳೆದು ದಡಕ್ಕೆ ಹಾಕುತ್ತಿದ್ದಳು. ತಲೆಯ ಮೇಲೆ ಬಂಗಾರದ ಬಣ್ಣದ ಜುಟ್ಟಿರುವ ಎರಡು ಕೊಕ್ಕರೆಗಳು ಅವಳ ಹಿಂದೆ ಹಿಂದೆಯೇ ಹೋಗಿ, ಕುಂಟೆ ಎದ್ದ ಕಡೆ ಹುಳ ಹೆಕ್ಕುತ್ತಿದ್ದವು. ಆಚೆ ಬೇಲಿಯ ಕೊಳದಲ್ಲಿ ನೀರ್ಗುದುರೆಯೊಂದು ಕಣ್ಣು, ಕಿವಿ ಮಾತ್ರ ಹೊರಗಿಟ್ಟು ಮಲಗಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಅವಳ ಹೆಡ್ ಬಂದು ಮಾತಾಡಿಸಿದರು. ನನ್ನ ವಯಸ್ಸಿನ ಹೆಂಗಸು, ಬಿಸಿಲಿಗೆ ಸುಕ್ಕುಗಟ್ಟಿದ ಕೈ. ನಿಮ್ಮ ಮಗಳಿಗೆ ಒಂದು ಕೆಲಸವನ್ನು ಎರಡು ಸಲ ಹೇಳಬೇಕಾಗಿಲ್ಲ ಎಂದರು. ಥ್ಯಾಂಕ್ಯೂ ಎಂದೆ. ನನ್ನ ಬಗ್ಗೆ ಜನ ಹೇಳುವುದೂ ಅದೇ ಮಾತು. ಅದನ್ನು ಹೇಳಿಸಿಕೊಳ್ಳಲು ನಾನು ಕೊಟ್ಟದ್ದೇನು ಎಂದೂ ನನಗೆ ಗೊತ್ತು. ಆದ್ದರಿಂದ ಸಂತೋಷವೂ ಪೂರ್ತಿಯಾಗಲಿಲ್ಲ.

ಮಗಳು ನೀರು ಕುಡಿಯಲು ದಡಕ್ಕೆ ಬಂದಾಗ ಕೇಳಿದೆ. “ಜನವರಿಗೆ ಕಾಲೇಜು?”

“ಇಲ್ಲ ಅಪ್ಪ.”

“ಮುಂದಿನ ವರ್ಷ?”

“ಗೊತ್ತಿಲ್ಲ. ಓದಿದ್ರೆ ಇದನ್ನೇ ಓದ್ತೀನಿ. ಕಂಪ್ಯೂಟರ್ ಅಂತೂ ಇಲ್ಲ.”

“ನಾನು ಲದ್ದಿ ಬಾಚೋದು ಬಿಟ್ಟು ಇಲ್ಲಿವರ್ಗೂ ಬಂದಿದೀನಿ.”

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. “ನಿಂಗೆ ಅದು ಇಷ್ಟ ಇರ್ಲಿಲ್ಲ, ಬಿಟ್ಟೆ. ನಂಗೆ ಇಷ್ಟ ಇದೆ, ಅಪ್ಪ” ಎಂದಳು. ಎದುರುತ್ತರದ ಹಾಗೆ ಹೇಳಲಿಲ್ಲ. ಹೇಳಿ ಮತ್ತೆ ನೀರಿಗಿಳಿದಳು.

ಹೆಂಡತಿ ಬೆಂಚಿನ ಮೇಲೆಯೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಾನು ಅಲುಗಾಡದೆ ಕೂತೆ. ಮಂಡಿ ಹಿಡಿದುಕೊಂಡಿತ್ತು. ನನ್ನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ, ಬೈಯಲೂ ಚೈತನ್ಯವಿರಲಿಲ್ಲ. ಮಗಳು ಜೌಗಿನ ಆ ಮೂಲೆಯಿಂದ ಈ ಮೂಲೆಯವರೆಗೆ ಸಾಲು ಹಿಡಿದು ಕಳೆ ಎಳೆಯುವುದನ್ನು ನೋಡಿದೆ. ನಡುವೆ ಎಲ್ಲೂ ಬಿಟ್ಟು ಹೋಗಲಿಲ್ಲ.

ನಾಲ್ಕಕ್ಕೆ ಅವಳ ಕೆಲಸ ಮುಗಿಯಿತು. ಪಾರ್ಕಿಂಗಿನಲ್ಲಿ ವ್ಯಾನಿನ ಹತ್ತಿರ ಬಂದು ನಿಂತವಳು ಹತ್ತಲಿಲ್ಲ. ಸಾಮಾನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಕೇಳಲು ಅವಳಿಗೂ ಹೆದರಿಕೆಯಿತ್ತು ಎಂದು ಆಗ ಗೊತ್ತಾಯಿತು.

“ಎಲ್ಲಿ ಇರೋದು ನೀನು?” ಎಂದೆ.

“ಗೇಟಿಂದ ಒಂದು ಮೈಲಿ. ಟ್ರೇಲರ್ ಮನೆ. ಇನ್ನೊಬ್ಬಳ ಜೊತೆ ಶೇರ್ ಮಾಡ್ತಿದೀನಿ.”

“ನೆಲದ ಮೇಲೆ ಮಲಗ್ತೀಯಾ?”

“ಸ್ಲೀಪಿಂಗ್ ಬ್ಯಾಗ್ ಇದೆ.”

“ಹತ್ತು. ದಾರಿ ತೋರ್ಸು” ಎಂದೆ.

ಹಾಸಿಗೆಯ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು ಒಳಗೆ ಸಾಗಿಸಿದೆವು. ಮೆಟ್ಟಿಲಿನಲ್ಲಿ ನಾನು ಹಿಮ್ಮುಖವಾಗಿ ಹತ್ತುವಾಗ, “ಮಂಡಿ ನೋಡ್ಕೋ, ನಾನು ಹಿಂದಕ್ಕೆ ಹೋಗ್ತೀನಿ” ಎಂದು ತಾನೇ ಜಾಗ ಬದಲಾಯಿಸಿದಳು. ಮೇಜನ್ನು ಒಬ್ಬಳೇ ಎತ್ತಿದಳು. ಹೆಂಡತಿ ಹಾಸಿಗೆಗೆ ಹೊದಿಕೆ ಹಾಸಿ, ಅಡುಗೆಮನೆಯ ಕಪಾಟು ತೆಗೆದು ನೋಡಿ, ಸಾರಿನ ಪುಡಿ ಕಳಿಸುತ್ತೇನೆ ಎಂದಳು. ನಾನು ಕಿಟಕಿಯ ಎಸಿಯ ಫಿಲ್ಟರ್ ತೆಗೆದು ತೊಳೆದು ಹಾಕಿದೆ. ಅದು ಹಾಗೆ ಧೂಳು ಕಟ್ಟಿಕೊಂಡು ಎಷ್ಟು ದಿನವಾಗಿತ್ತೋ. ಬಾಗಿಲಲ್ಲಿ ಬೂಟು ಬಿಟ್ಟು ಬರಿಗಾಲಲ್ಲಿ ನಿಂತು ಮಗಳು ಬೈ ಹೇಳಿದಳು. ತಿಂಗಳಿಗೊಂದು ಭಾನುವಾರ ಬರಬೇಕು ಎಂದೆ. “ಭಾನುವಾರ ರಶ್ ಜಾಸ್ತಿ. ಮಂಗಳವಾರ ಬರ್ತೀನಿ” ಎಂದಳು. ಆಗಲಿ ಎಂದೆ.

ಲಿಯಾಂಡರಿನವರೆಗೂ ಹೆಂಡತಿ ಮಲಗಿಯೇ ಇದ್ದಳು. ಖಾಲಿ ವ್ಯಾನು ಗುಂಡಿ ಬಂದಲ್ಲೆಲ್ಲ ಸದ್ದು ಮಾಡುತ್ತಿತ್ತು.

ಇದಾಗಿ ಕೆಲವು ತಿಂಗಳಾಯಿತು. ಮಂಗಳವಾರಗಳಲ್ಲಿ ಎರಡು ತಪ್ಪಿವೆ, ಉಳಿದವಕ್ಕೆ ಬಂದಿದ್ದಾಳೆ. ಈಗ ನನಗಿರುವುದು ಇಷ್ಟು. ಲಿಯಾಂಡರಿನಲ್ಲಿ ಒಂದು ಮನೆ, ಮೂರು ಕೋಣೆ, ಅದರಲ್ಲಿ ಬಳಕೆಯಲ್ಲಿರುವುದು ಎರಡು. ಒಬ್ಬಳು ಹೆಂಡತಿ, ವಾರಕ್ಕೆ ಮೂರು ನೈಟ್ ಶಿಫ್ಟ್. ಒಂದು ವ್ಯಾನು, ಎರಡು ಏಣಿ. ಒಂದು ಒಳ್ಳೆಯ ಮಂಡಿ. ಒಬ್ಬಳು ಮಗಳು, ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಕೆಲಸದಲ್ಲಿದ್ದಾಳೆ.